ಹದಿಮೂರು ಮಾರ್ಕಿನಿಂದ ಮೂರರ ಕೆಳಕ್ಕೆ: ಪೌಂಡ್–ಮಾರ್ಕ್ ವಿನಿಮಯ ದರದ ಅರ್ಧ ಶತಮಾನವನ್ನು ಓದುವ ಬಗೆ

ಪಶ್ಚಿಮ ಜರ್ಮನಿಯಲ್ಲಿ 1948ರ ಜೂನ್ 20ರಂದು ಡಾಯಿಷ್ ಮಾರ್ಕ್ ಚಲಾವಣೆಗೆ ಬಂದ ಹೊಸತರಲ್ಲಿ ಒಂದು ಬ್ರಿಟಿಷ್ ಪೌಂಡಿನ ಅಧಿಕೃತ ಬೆಲೆ 13.43 ಮಾರ್ಕ್ ಆಗಿತ್ತು. ಐವತ್ತು ವರ್ಷಗಳ ನಂತರ, 1998ರ ಕೊನೆಯಲ್ಲಿ, ಮಾರ್ಕ್ ಯುರೋದೊಳಗೆ ಲೀನವಾಗುವ ಹೊತ್ತಿಗೆ ಅದೇ ಪೌಂಡಿಗೆ 2.80 ಮಾರ್ಕಿನ ಆಸುಪಾಸಿನಲ್ಲಷ್ಟೇ ಸಿಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಗೆದ್ದ ದೇಶದ ನಾಣ್ಯ ಸೋತ ದೇಶದ ನಾಣ್ಯದೆದುರು ತನ್ನ ಬೆಲೆಯ ಐದರಲ್ಲಿ ನಾಲ್ಕು ಪಾಲನ್ನು ಕಳೆದುಕೊಂಡ ಕಥೆಯೆಂದು ಇದನ್ನು ಸಾಮಾನ್ಯವಾಗಿ ಹೇಳಲಾಗುತ್ತದೆ. ಆ ಮಾತು ತಪ್ಪಲ್ಲ. ಆದರೆ ಹಳೆಯ ದರಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಕುಳಿತವರು ಮೊದಲು ಗಮನಿಸಬೇಕಾದದ್ದು ಬೇರೊಂದಿದೆ: ಒಂದೇ ಸಾಲಿನಲ್ಲಿ ಒಂದರ ಕೆಳಗೊಂದರಂತೆ ಅಚ್ಚಾಗಿರುವ ಆ ಅಂಕಿಗಳೆಲ್ಲ ಒಂದೇ ಜಾತಿಯವಲ್ಲ. 1972ಕ್ಕೆ ಹಿಂದಿನ ಅಂಕಿ ಸರ್ಕಾರಗಳು ಕೊಟ್ಟ ಮಾತು. ನಂತರದ್ದು ಪೇಟೆಯಲ್ಲಿ ಕುದುರಿದ ಬೆಲೆ. 1990ರಿಂದ 1992ರವರೆಗಿನ ಎರಡು ವರ್ಷಗಳ ಅಂಕಿ ಏಕಕಾಲಕ್ಕೆ ಎರಡೂ ಆಗಲು ಹೊರಟು ಮುಗ್ಗರಿಸಿದ್ದು.

ಮೊದಲು ಕೊಟ್ಟ ಮಾತಿನ ಕಾಲವನ್ನು ನೋಡೋಣ. 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್‌ವುಡ್ಸ್‌ನಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ರೂಪಿಸಿದ ವ್ಯವಸ್ಥೆಯಲ್ಲಿ ಪೌಂಡಿಗೂ ಮಾರ್ಕಿಗೂ ನೇರವಾದ ನಂಟೇ ಇರಲಿಲ್ಲ. ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್ ಎಂದು ಅಮೆರಿಕ ಗೊತ್ತುಪಡಿಸಿತ್ತು, ಉಳಿದ ದೇಶಗಳು ತಮ್ಮ ತಮ್ಮ ನಾಣ್ಯವನ್ನು ಡಾಲರಿಗೆ ಕಟ್ಟಿಹಾಕಿ, ಆ ದರದಿಂದ ಶೇಕಡಾ ಒಂದರಷ್ಟು ಮಾತ್ರ ಮೇಲೆ ಕೆಳಗೆ ಹೋಗಲು ಬಿಡುತ್ತಿದ್ದವು. ಹಾಗಾಗಿ ಪೌಂಡಿಗೆ ಎಷ್ಟು ಮಾರ್ಕ್ ಎಂಬುದು ಗುಣಾಕಾರದಿಂದ ಸಿಗುವ ಉತ್ತರವಾಗಿತ್ತು. ಒಂದು ಪೌಂಡಿಗೆ 4.03 ಡಾಲರ್, ಒಂದು ಮಾರ್ಕಿಗೆ 30 ಸೆಂಟ್, ಎಂದರೆ ಒಂದು ಡಾಲರಿಗೆ 3.33 ಮಾರ್ಕ್, ಎರಡನ್ನೂ ಗುಣಿಸಿದರೆ 13.43. ಹಣಕಾಸು ವಹಿವಾಟಿನವರು ಇದನ್ನು ಕ್ರಾಸ್ ರೇಟ್ ಎನ್ನುತ್ತಾರೆ. ಆ ಕಾಲದ ಯಾವುದೇ ಎರಡು ಯುರೋಪಿಯನ್ ನಾಣ್ಯಗಳ ದರವನ್ನು ಹುಡುಕುವವರು ಡಾಲರಿನ ಎರಡು ದರಗಳನ್ನು ಹುಡುಕಿಕೊಂಡರೆ ಸಾಕು, ಮೂರನೆಯದು ತಾನಾಗಿಯೇ ಕೈಗೆ ಸಿಗುತ್ತದೆ.

ಈ ಗುಣಾಕಾರವನ್ನು ಮರೆತರೆ ಇತಿಹಾಸವೇ ತಪ್ಪಾಗಿ ಕಾಣುವ ಅಪಾಯವಿದೆ. 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿತು. ಇದು ಶೇಕಡಾ 30.5ರ ಅಪಮೌಲ್ಯವೆಂದು ಎಲ್ಲ ಪುಸ್ತಕಗಳಲ್ಲೂ ಓದುತ್ತೇವೆ. ಆದರೆ ಮಾರ್ಕಿನ ಲೆಕ್ಕದಲ್ಲಿ ಪೌಂಡ್ ಅಷ್ಟು ಬೀಳಲೇ ಇಲ್ಲ, ಏಕೆಂದರೆ ಕೆಲವೇ ದಿನಗಳಲ್ಲಿ ಜರ್ಮನಿಯೂ ತನ್ನ ನಾಣ್ಯವನ್ನು ಡಾಲರಿಗೆ 4.20 ಮಾರ್ಕ್ ಎಂಬ ಮಟ್ಟಕ್ಕೆ ಇಳಿಸಿಕೊಂಡಿತು. 2.80ನ್ನು 4.20ರಿಂದ ಗುಣಿಸಿದರೆ 11.76, 13.43ರಿಂದ 11.76ಕ್ಕೆ ಇಳಿದದ್ದು ಸುಮಾರು ಶೇಕಡಾ 12 ಮಾತ್ರ. ಇಬ್ಬರೂ ಒಂದೇ ಏಣಿಯಿಂದ ಇಳಿದಾಗ, ಒಬ್ಬ ಇನ್ನೊಬ್ಬನಿಗಿಂತ ಎಷ್ಟು ಮೆಟ್ಟಿಲು ಹೆಚ್ಚು ಇಳಿದ ಎಂಬುದಷ್ಟೇ ಅವರಿಬ್ಬರ ನಡುವಿನ ದರ.

ಅಲ್ಲಿಂದ ಮುಂದೆ ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ 11.76 ಕದಲಲಿಲ್ಲ. ಜರ್ಮನಿಯ ರಫ್ತು ಬೆಳೆದು ಆ ದೇಶಕ್ಕೆ ಡಾಲರ್ ಹರಿದುಬರತೊಡಗಿದಾಗ, 1961ರ ಮಾರ್ಚ್‌ನಲ್ಲಿ ಮಾರ್ಕಿನ ಬೆಲೆಯನ್ನು ಶೇಕಡಾ 5ರಷ್ಟು ಏರಿಸಿ ಡಾಲರಿಗೆ 4.00 ಎಂದು ಮಾಡಲಾಯಿತು. ಪೌಂಡ್ ಕೂತಲ್ಲಿಯೇ ಕೂತಿದ್ದರೂ 11.20ಕ್ಕೆ ಇಳಿಯಿತು. 1967ರ ನವೆಂಬರ್ 18ರ ಶನಿವಾರ ಹೆರಾಲ್ಡ್ ವಿಲ್ಸನ್ ಸರ್ಕಾರ ಪೌಂಡನ್ನು 2.40 ಡಾಲರಿಗೆ ಇಳಿಸಿದಾಗ 9.60 ಆಯಿತು. 1969ರ ಅಕ್ಟೋಬರ್‌ನಲ್ಲಿ ಮತ್ತೆ ಮಾರ್ಕ್ ಏರಿ, ಡಾಲರಿಗೆ 3.66 ಆದಾಗ ಪೌಂಡಿಗೆ 8.78. ಅಮೆರಿಕದ ಅಧ್ಯಕ್ಷ ನಿಕ್ಸನ್ 1971ರ ಆಗಸ್ಟ್ 15ರಂದು ಡಾಲರ್ ಮತ್ತು ಚಿನ್ನದ ಕೊಂಡಿಯನ್ನೇ ಕಳಚಿದ ಮೇಲೆ, ಅದೇ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ನಡೆದ ಒಪ್ಪಂದದಲ್ಲಿ ಪೌಂಡಿಗೆ 2.6057 ಡಾಲರ್, ಡಾಲರಿಗೆ 3.2225 ಮಾರ್ಕ್ ಎಂದು ಗೊತ್ತಾಯಿತು, ಗುಣಿಸಿದರೆ 8.40ಕ್ಕೆ ಕೂದಲೆಳೆಯಷ್ಟು ಕಡಿಮೆ. ಪೌಂಡ್ ಡಾಲರಿನೆದುರು ಏರಿಯೂ ಮಾರ್ಕಿನೆದುರು ಇಳಿದ ಈ ಕೊನೆಯ ಪ್ರಸಂಗ ಕ್ರಾಸ್ ರೇಟಿನ ಚಮತ್ಕಾರಕ್ಕೆ ಒಳ್ಳೆಯ ಉದಾಹರಣೆ.

ಇವನ್ನು ಗ್ರಾಫಿನಲ್ಲಿ ಬಿಡಿಸಿದರೆ ಕಾಣುವುದು ಮೆಟ್ಟಿಲು: ವರ್ಷಗಟ್ಟಲೆ ಸಮತಟ್ಟು, ಒಂದು ವಾರಾಂತ್ಯದಲ್ಲಿ ಧಡಕ್ಕನೆ ಇಳಿಕೆ. ಸಮತಟ್ಟಾದ ಗೆರೆ ಸ್ಥಿರತೆಯನ್ನು ತೋರಿಸುತ್ತದೆ ಎಂದುಕೊಳ್ಳುವುದು ಸುಲಭ, ಆದರೆ ಅದರ ಅಡಿಯಲ್ಲಿ ನಡೆಯುತ್ತಿದ್ದದ್ದು ನಿರಂತರ ಸೆಣಸಾಟ. ಪೌಂಡನ್ನು ಮಾರುವವರು ಹೆಚ್ಚಾದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಸಂಗ್ರಹದ ಡಾಲರುಗಳನ್ನು ಕೊಟ್ಟು ಪೌಂಡನ್ನು ಕೊಳ್ಳಬೇಕಿತ್ತು. ಮಾರ್ಕನ್ನು ಕೊಳ್ಳುವವರು ಹೆಚ್ಚಾದಾಗ ಜರ್ಮನಿಯ ಕೇಂದ್ರ ಬ್ಯಾಂಕು ಹೊಸ ಮಾರ್ಕುಗಳನ್ನು ಸೃಷ್ಟಿಸಿ ಡಾಲರುಗಳನ್ನು ಗುಡ್ಡೆ ಹಾಕಿಕೊಳ್ಳಬೇಕಿತ್ತು. ಡಾಲರ್ ಕೊಡುವವನ ಚೀಲ ಒಂದು ದಿನ ಬರಿದಾಗುತ್ತದೆ, ಮಾರ್ಕ್ ಸೃಷ್ಟಿಸುವವನ ಚೀಲಕ್ಕೆ ತಳವಿಲ್ಲ. ಇಳಿಯುವ ನಾಣ್ಯದ ದೇಶ ಏರುವ ನಾಣ್ಯದ ದೇಶಕ್ಕಿಂತ ಸಾಮಾನ್ಯವಾಗಿ ಮೊದಲು ಸುಸ್ತಾಗುವುದು ಈ ಕಾರಣಕ್ಕೆ. 1992ರಲ್ಲಿ ನಡೆದದ್ದನ್ನು ಅರ್ಥಮಾಡಿಕೊಳ್ಳಲು ಈ ಅಸಮತೋಲನವನ್ನು ನೆನಪಿಟ್ಟುಕೊಳ್ಳಬೇಕು.

ಈ ಮೆಟ್ಟಿಲುಗಳು ಭಾರತದವರೆಗೂ ಇಳಿದು ಬಂದಿದ್ದವು. ಒಂದು ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್ (ಆಗ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್) ಎಂಬ 1927ರ ದರದಂತೆ ಪೌಂಡಿಗೆ 13.33 ರೂಪಾಯಿ ಇತ್ತು, ಮತ್ತು 1949ರಲ್ಲಿ ಭಾರತವೂ ಪೌಂಡಿನ ಜೊತೆಗೇ ಅಪಮೌಲ್ಯ ಮಾಡಿಕೊಂಡದ್ದರಿಂದ ಸ್ವಾತಂತ್ರ್ಯಾನಂತರವೂ ಆ ದರ ಹಾಗೆಯೇ ಉಳಿಯಿತು. ಅಂದಮೇಲೆ ಮಾರ್ಕಿಗೆ ಎಷ್ಟು ರೂಪಾಯಿ ಎಂಬುದೂ ಪೌಂಡ್–ಮಾರ್ಕ್ ದರದಿಂದಲೇ ಸಿಗುತ್ತದೆ: 13.33ನ್ನು 11.76ರಿಂದ ಭಾಗಿಸಿದರೆ 1.13 ರೂಪಾಯಿ. ಬೆಂಗಳೂರಿನ ಆಡುಗೋಡಿಯಲ್ಲಿ ಜರ್ಮನ್ ಸಹಯೋಗದ ಮೈಕೋ ಕಾರ್ಖಾನೆ ತಲೆಯೆತ್ತಿದ ಆ ದಶಕದಲ್ಲಿ ಜರ್ಮನಿಯಿಂದ ಯಂತ್ರ ತರಿಸುವ ಯಾರೇ ಆದರೂ ಹಾಕಿಕೊಳ್ಳಬೇಕಾಗಿದ್ದ ಲೆಕ್ಕವಿದು. 1961ರಲ್ಲಿ ಮಾರ್ಕ್ ಏರಿದಾಗ ಇಲ್ಲಿ ಯಾರೂ ಏನೂ ಮಾಡದಿದ್ದರೂ ಅದು 1.19 ರೂಪಾಯಿಯಾಯಿತು, 1966ರ ಜೂನ್ 6ರ ನಮ್ಮ ಅಪಮೌಲ್ಯದ ನಂತರ, ಪೌಂಡಿಗೆ 21 ರೂಪಾಯಿಯಾದಾಗ, 1.875ಕ್ಕೆ ಜಿಗಿಯಿತು. 1967ರಲ್ಲಿ ಬ್ರಿಟನ್ ಇಳಿದಾಗ ಭಾರತ ಮೊದಲ ಸಲ ಅದರ ಹಿಂದೆ ಹೋಗಲಿಲ್ಲ. ಪೌಂಡಿಗೆ 18 ರೂಪಾಯಿಯಾಯಿತು, ಮಾರ್ಕ್ 1.875ರಲ್ಲೇ ನಿಂತಿತು. ರೂಪಾಯಿಯನ್ನು ಪೌಂಡಿನಿಂದ ಪೂರ್ತಿಯಾಗಿ ಬಿಡಿಸಿ ಹಲವು ನಾಣ್ಯಗಳ ಬುಟ್ಟಿಗೆ ಕಟ್ಟಿದ್ದು 1975ರ ಸೆಪ್ಟೆಂಬರ್‌ನಲ್ಲಿ.

ಬ್ರಿಟನ್ 1972ರ ಜೂನ್ 23ರಂದು ಪೌಂಡನ್ನು ತೇಲಲು ಬಿಟ್ಟಿತು; ಮರುವರ್ಷ ಮಾರ್ಚ್‌ನಲ್ಲಿ ಮಾರ್ಕ್ ಕೂಡ, ನೆರೆಯ ಕೆಲವು ನಾಣ್ಯಗಳೊಂದಿಗೆ, ಡಾಲರಿನ ಕಟ್ಟನ್ನು ಬಿಡಿಸಿಕೊಂಡಿತು. ಅಲ್ಲಿಂದ ದರ ಎಂಬುದು ಗಳಿಗೆಗೊಮ್ಮೆ ಬದಲಾಗುವ ಬೆಲೆ. ಮೆಟ್ಟಿಲಿನ ಜಾಗದಲ್ಲಿ ಜಾರುಬಂಡೆ ಬಂದಿತು: 1976ರಲ್ಲಿ ಬ್ರಿಟನ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಗಿ 390 ಕೋಟಿ ಡಾಲರ್ ಸಾಲ ಕೇಳುವ ಹೊತ್ತಿಗೆ ಪೌಂಡ್ 4 ಮಾರ್ಕಿನ ಸುತ್ತಮುತ್ತ ಬಂದು ನಿಂತಿತ್ತು. ಐದು ವರ್ಷಗಳಲ್ಲಿ ಅರ್ಧಕ್ಕರ್ಧ ಕುಸಿತ.

ಕಾರಣ ಬಹುಮಟ್ಟಿಗೆ ಹಣದುಬ್ಬರ. 1975ರಲ್ಲಿ ಬ್ರಿಟನ್ನಿನಲ್ಲಿ ಬೆಲೆಗಳು ಶೇಕಡಾ 24ರಷ್ಟು ಏರಿದವು. ಜರ್ಮನಿಯಲ್ಲಿ ಏರಿದ್ದು ಸುಮಾರು ಶೇಕಡಾ 6. ಒಂದೇ ಸಾಮಾನು ಒಂದು ದೇಶದಲ್ಲಿ ವೇಗವಾಗಿ ದುಬಾರಿಯಾಗುತ್ತಾ ಇನ್ನೊಂದರಲ್ಲಿ ನಿಧಾನವಾಗಿ ದುಬಾರಿಯಾದರೆ, ವಿನಿಮಯ ದರ ಆ ವ್ಯತ್ಯಾಸವನ್ನು ಕಾಲಾನಂತರದಲ್ಲಿ ಸರಿದೂಗಿಸಬೇಕು ಎಂಬುದು ಕೊಳ್ಳುವ ಶಕ್ತಿಯ ಸಮತೆಯ ಸಿದ್ಧಾಂತ. ಈ ಸಿದ್ಧಾಂತ ವರ್ಷದ ಲೆಕ್ಕದಲ್ಲಿ ಹೆಚ್ಚಾಗಿ ಸೋಲುತ್ತದೆ, ದಶಕಗಳ ಲೆಕ್ಕದಲ್ಲಿ ಆಶ್ಚರ್ಯವಾಗುವಷ್ಟು ಗೆಲ್ಲುತ್ತದೆ. 1950ರಿಂದ 1990ರವರೆಗೆ ಬ್ರಿಟನ್ನಿನ ಬಳಕೆದಾರ ಬೆಲೆಗಳು ಸುಮಾರು ಹದಿಮೂರು–ಹದಿನಾಲ್ಕು ಪಟ್ಟು ಆದವು, ಜರ್ಮನಿಯವು ಮೂರು ಪಟ್ಟಿಗಿಂತ ತುಸು ಹೆಚ್ಚು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ನಾಲ್ಕರ ಆಸುಪಾಸು ಬರುತ್ತದೆ. ಅದೇ ಅವಧಿಯಲ್ಲಿ ಪೌಂಡಿನ ದರ 11.76ರಿಂದ 2.95ಕ್ಕೆ, ಎಂದರೆ ನಾಲ್ಕನೆಯ ಒಂದು ಭಾಗಕ್ಕೆ, ಇಳಿದಿತ್ತು. ಹಾಗಾದರೆ 1950ರಲ್ಲಿ ಪೌಂಡು ಹಿಡಿದು ಹ್ಯಾಂಬರ್ಗಿಗೆ ಹೋದವನಿಗಿಂತ 1990ರಲ್ಲಿ ಹೋದವನು ನಾಲ್ಕು ಪಟ್ಟು ಬಡವನಾಗಿದ್ದನೇ? ಇಲ್ಲ, ಏಕೆಂದರೆ ಅವನ ಜೇಬಿನಲ್ಲಿ ಆ ಹೊತ್ತಿಗೆ ಬಹಳ ಹೆಚ್ಚು ಪೌಂಡುಗಳಿದ್ದವು. ಬೆಲೆಗಳ ವ್ಯತ್ಯಾಸವನ್ನು ಕಳೆದ ಮೇಲೆ ಉಳಿಯುವುದನ್ನು ನೈಜ ವಿನಿಮಯ ದರ ಎನ್ನುತ್ತಾರೆ, ಮತ್ತು ಈ ಇಳಿಜಾರಿನ ಕಥೆಯಲ್ಲಿ ಆ ನೈಜ ದರ ಎರಡು ತುದಿಗಳಲ್ಲಿ ಹೆಚ್ಚು ಬೇರೆಯಾಗಿರಲಿಲ್ಲ.

ನಡುವಿನಲ್ಲಿ ಮಾತ್ರ ಅದು ಸಾಕಷ್ಟು ಓಲಾಡಿತು. ಉತ್ತರ ಸಮುದ್ರದ ತೈಲ ಮತ್ತು ಮಾರ್ಗರೆಟ್ ಥ್ಯಾಚರ್ ಸರ್ಕಾರದ ಕಟ್ಟುನಿಟ್ಟಿನ ಹಣಕಾಸು ನೀತಿ ಎರಡೂ ಕೂಡಿದ್ದರಿಂದ, ಬ್ರಿಟನ್ನಿನ ಹಣದುಬ್ಬರ ಜರ್ಮನಿಗಿಂತ ಬಹಳ ಹೆಚ್ಚಿದ್ದಾಗಲೂ 1981ರ ಆರಂಭದಲ್ಲಿ ಪೌಂಡ್ ಐದು ಮಾರ್ಕಿನ ಹತ್ತಿರಕ್ಕೆ ಏರಿತು. ಈ ಏರಿಕೆಯನ್ನು ರಾಷ್ಟ್ರದ ಶಕ್ತಿಯೆಂದು ಕೊಂಡಾಡಿದವರಿದ್ದರು. ಕಾರ್ಖಾನೆ ನಡೆಸುತ್ತಿದ್ದವರಿಗೆ ಅದೇ ದರ ಕಂಟಕವಾಯಿತು, ಏಕೆಂದರೆ ಅವರ ಸರಕು ಜರ್ಮನಿಯಲ್ಲಿ ರಾತ್ರೋರಾತ್ರಿ ದುಬಾರಿಯಾಗಿತ್ತು.

ಈ ಓಲಾಟದಿಂದ ಬೇಸತ್ತ ಖಜಾನೆ ಸಚಿವ ನೈಜೆಲ್ ಲಾಸನ್ 1987ರಿಂದ ಒಂದು ವರ್ಷ ಪೌಂಡ್ 3 ಮಾರ್ಕನ್ನು ದಾಟದಂತೆ, ಯಾವ ಅಧಿಕೃತ ಘೋಷಣೆಯೂ ಇಲ್ಲದೆ, ನೋಡಿಕೊಂಡರು. ಹಣದುಬ್ಬರವನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಹೆಸರಾದ ಜರ್ಮನಿಯ ಕೇಂದ್ರ ಬ್ಯಾಂಕು ಬುಂಡೆಸ್‌ಬ್ಯಾಂಕಿನ ಶಿಸ್ತನ್ನು ಎರವಲು ತರುವ ಯೋಚನೆ ಅದು. ಪ್ರಧಾನಿಗೆ ಅದು ಒಪ್ಪಿಗೆಯಾಗದೆ 1988ರ ಮಾರ್ಚ್‌ನಲ್ಲಿ ಕೈಬಿಡಬೇಕಾಯಿತು. ಎರಡು ವರ್ಷಗಳ ನಂತರ ಅದೇ ಯೋಚನೆ ಅಧಿಕೃತವಾಗಿ ಬಂದಿತು: 1990ರ ಅಕ್ಟೋಬರ್ 8ರಂದು ಬ್ರಿಟನ್, ಇಆರ್‌ಎಂ ಎಂದು ಕರೆಯಲಾಗುತ್ತಿದ್ದ ಯುರೋಪಿಯನ್ ವಿನಿಮಯ ದರ ವ್ಯವಸ್ಥೆಯನ್ನು ಸೇರಿತು. ಕೇಂದ್ರ ದರ 2.95 ಮಾರ್ಕ್, ಎರಡೂ ಬದಿಗೆ ಶೇಕಡಾ 6ರ ಅವಕಾಶ. ಮೇಲಿನ ಗಡಿ 3.132, ಕೆಳಗಿನ ಗಡಿ 2.778. ಗಡಿಗಳ ನಡುವೆ ಅದು ಪೇಟೆಯ ಬೆಲೆ, ಗಡಿ ಮುಟ್ಟಿದರೆ ಸರ್ಕಾರದ ಮಾತು.

ಸೇರಿದ ಗಳಿಗೆ ಕೆಟ್ಟದಾಗಿತ್ತು. ಬ್ರಿಟನ್ನಿನ ಹಣದುಬ್ಬರ ಆಗ ಶೇಕಡಾ 10ನ್ನು ಮೀರಿತ್ತು, ಮತ್ತು ಕೇವಲ ಐದು ದಿನಗಳ ಹಿಂದೆ, ಅಕ್ಟೋಬರ್ 3ರಂದು, ಎರಡು ಜರ್ಮನಿಗಳು ಒಂದಾಗಿದ್ದವು. ಪೂರ್ವ ಜರ್ಮನಿಯನ್ನು ಕಟ್ಟಲು ಸುರಿದ ಹಣದಿಂದ ಬೆಲೆಗಳು ಏರತೊಡಗಿದಾಗ ಬುಂಡೆಸ್‌ಬ್ಯಾಂಕ್ ಬಡ್ಡಿದರವನ್ನು ಏರಿಸುತ್ತಾ ಹೋಯಿತು. 1992ರ ಜುಲೈನಲ್ಲಿ ಅದರ ಡಿಸ್ಕೌಂಟ್ ದರ, ಎಂದರೆ ಅದು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರಗಳಲ್ಲೊಂದು, ಶೇಕಡಾ 8.75 ಆಗಿತ್ತು. ಮಾರ್ಕಿಗೆ ಅಂಟಿಕೊಂಡ ಬ್ರಿಟನ್ ತಾನೂ ಬಡ್ಡಿಯನ್ನು ಶೇಕಡಾ 10ರ ಕೆಳಗೆ ಇಳಿಸಲಾರದೆ, ಹಿಂಜರಿತದಲ್ಲಿದ್ದ ತನ್ನ ಆರ್ಥಿಕತೆ ನರಳುವುದನ್ನು ನೋಡುತ್ತಾ ಕುಳಿತಿರಬೇಕಾಯಿತು. ಶಿಸ್ತನ್ನು ಎರವಲು ತಂದವರು ನೆರೆಮನೆಯ ತುರ್ತುಗಳನ್ನೂ ಜೊತೆಗೆ ಹೊತ್ತು ತಂದಿದ್ದರು.

ಪೌಂಡ್ ಬೀಳುವುದೆಂದು ಪಣ ಕಟ್ಟಿದ ವ್ಯಾಪಾರಿಗಳ ಲೆಕ್ಕ ಹೀಗಿತ್ತು. ಒಂದು ಕೋಟಿ ಪೌಂಡನ್ನು ಸಾಲ ತಂದು, 2.78ರ ದರದಲ್ಲಿ ಮಾರಿದರೆ 2.78 ಕೋಟಿ ಮಾರ್ಕ್ ಕೈಗೆ ಬರುತ್ತದೆ. ಪೌಂಡ್ 2.50ಕ್ಕೆ ಬಿದ್ದರೆ ಸಾಲ ತೀರಿಸಲು ಬೇಕಾದ ಒಂದು ಕೋಟಿ ಪೌಂಡು 2.50 ಕೋಟಿ ಮಾರ್ಕಿಗೆ ಸಿಗುತ್ತದೆ. ಉಳಿದ 28 ಲಕ್ಷ ಮಾರ್ಕ್ ಲಾಭ. ಪೌಂಡ್ ಬೀಳದಿದ್ದರೆ? ಕೆಳಗಿನ ಗಡಿಯಲ್ಲಿ ಏದುಸಿರು ಬಿಡುತ್ತಿರುವ ನಾಣ್ಯ ಮೇಲಕ್ಕೆ ಹಾರುವ ಸಂಭವ ಕಡಿಮೆ, ಆದ್ದರಿಂದ ನಷ್ಟವೆಂದರೆ ಕೆಲವು ದಿನಗಳ ಬಡ್ಡಿ ಮತ್ತು ಒಂದಿಷ್ಟು ಚಿಲ್ಲರೆ. ವರ್ಷಕ್ಕೆ ಶೇಕಡಾ 10ರ ಬಡ್ಡಿಯೆಂದರೆ ವಾರಕ್ಕೆ ಶೇಕಡಾ 0.19, ಶೇಕಡಾ 15ಕ್ಕೆ ಏರಿಸಿದರೂ ವಾರಕ್ಕೆ 0.29. ವಾರದೊಳಗೆ ಶೇಕಡಾ 10ರ ಲಾಭ ಕಾಣುತ್ತಿರುವವನನ್ನು ಹೆಚ್ಚುವರಿ 0.10ರ ವೆಚ್ಚ ತಡೆಯುವುದಿಲ್ಲ. ಸಾಲದ ಮನೆಯಲ್ಲಿ ಬದುಕುವ ಸಾಮಾನ್ಯ ಬ್ರಿಟಿಷರಿಗೆ ಉಸಿರುಗಟ್ಟಿಸುವ ಬಡ್ಡಿದರ ವ್ಯಾಪಾರಿಗೆ ಸೊಳ್ಳೆ ಕಚ್ಚಿದಂತೆಯೂ ಅಲ್ಲ ಎಂಬುದೇ ಈ ಪ್ರಕರಣದ ತಿರುಳು ಎಂದು ನನಗೆ ತೋರುತ್ತದೆ. ಅದೇ ದಿನಗಳಲ್ಲಿ ಸ್ವೀಡನ್ ತನ್ನ ಕ್ರೋನಾವನ್ನು ಕಾಪಾಡಲು ಒಂದು ಬಡ್ಡಿದರವನ್ನು ಶೇಕಡಾ 500ಕ್ಕೆ ಏರಿಸಿದ್ದು ಹುಚ್ಚಾಟವೆಂದು ಕಂಡರೂ ಅದಕ್ಕೆ ಲೆಕ್ಕವಿತ್ತು: 500ನ್ನು 52ರಿಂದ ಭಾಗಿಸಿದರೆ ವಾರಕ್ಕೆ ಶೇಕಡಾ 9.6, ನಿರೀಕ್ಷಿತ ಲಾಭವನ್ನು ನುಂಗಿಹಾಕುವಷ್ಟು. ಆ ಔಷಧವೂ ಎರಡು ತಿಂಗಳು ಮಾತ್ರ ಕೆಲಸ ಮಾಡಿ, ನವೆಂಬರ್ 19ರಂದು ಸ್ವೀಡನ್ ಕೂಡ ಕೈಚೆಲ್ಲಿತು.

1992ರ ಸೆಪ್ಟೆಂಬರ್ 16, ಬುಧವಾರ. ಅದರ ಹಿಂದಿನ ಭಾನುವಾರ ಇಟಲಿಯ ಲೀರಾ ಅಪಮೌಲ್ಯಗೊಂಡಿತ್ತು, ಮುಂದಿನ ಭಾನುವಾರ ಫ್ರಾನ್ಸಿನಲ್ಲಿ, ಯುರೋಪಿಗೆ ಒಂದೇ ನಾಣ್ಯ ತರಲು ಹೊರಟ ಮಾಸ್ಟ್ರಿಕ್ಟ್ ಒಪ್ಪಂದದ ಬಗ್ಗೆ ಜನಮತ ನಡೆಯುವುದಿತ್ತು. ಬೆಳಗಿನಿಂದಲೇ ಪೌಂಡುಗಳ ಮಾರಾಟ ಪ್ರವಾಹದಂತೆ ಬಂದಿತು, ಬ್ಯಾಂಕ್ ಆಫ್ ಇಂಗ್ಲೆಂಡ್ ಕೊಟ್ಟ ಮಾತಿನಂತೆ 2.778ರಲ್ಲಿ ಕೊಳ್ಳುತ್ತಲೇ ಹೋಯಿತು. ಹನ್ನೊಂದು ಗಂಟೆಗೆ ಬಡ್ಡಿದರ ಶೇಕಡಾ 10ರಿಂದ 12ಕ್ಕೆ ಏರಿತು. ಮಧ್ಯಾಹ್ನ, ಮರುದಿನದಿಂದ ಅದು 15 ಆಗುವುದೆಂದು ಘೋಷಿಸಲಾಯಿತು. ಪೌಂಡಿನ ದರ ಅಲುಗಾಡಲಿಲ್ಲ. ಸಂಜೆ ಏಳೂವರೆಯ ಹೊತ್ತಿಗೆ ಖಜಾನೆ ಸಚಿವ ನಾರ್ಮನ್ ಲಾಮಾಂಟ್ ಹೊರಗೆ ಬಂದು ಬ್ರಿಟನ್ ವ್ಯವಸ್ಥೆಯಿಂದ ಹೊರಬೀಳುತ್ತಿರುವುದನ್ನು ತಿಳಿಸಿದರು. ಶೇಕಡಾ 15 ಜಾರಿಗೆ ಬರಲೇ ಇಲ್ಲ. ಅಮೆರಿಕದ ಹೂಡಿಕೆದಾರ ಜಾರ್ಜ್ ಸೊರೊಸ್ ಅವರ ನಿಧಿ ಈ ಪ್ರಸಂಗದಲ್ಲಿ ಸುಮಾರು 100 ಕೋಟಿ ಡಾಲರ್ ಗಳಿಸಿದ್ದು ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಬ್ರಿಟಿಷ್ ಖಜಾನೆಗೆ ಆದ ನಷ್ಟ 330 ಕೋಟಿ ಪೌಂಡ್ ಎಂಬ ಅಂದಾಜು 2005ರಲ್ಲಿ ಬಹಿರಂಗವಾದ ಅದರದ್ದೇ ಕಾಗದಪತ್ರಗಳಿಂದ ತಿಳಿಯಿತು.

ಬುಂಡೆಸ್‌ಬ್ಯಾಂಕ್ ಏಕೆ ಮನಸಾರೆ ಕೈಜೋಡಿಸಲಿಲ್ಲ ಎಂದು ಬ್ರಿಟನ್ನಿನಲ್ಲಿ ಬಹುಕಾಲ ದೂರುತ್ತಿದ್ದರು. ತಳವಿಲ್ಲದ ಚೀಲ ಅದರ ಬಳಿಯಿತ್ತೆಂಬುದು ನಿಜ. ಆದರೆ ಪೌಂಡನ್ನು ಕೊಳ್ಳಲು ಸೃಷ್ಟಿಸಿದ ಪ್ರತಿಯೊಂದು ಮಾರ್ಕ್ ಜರ್ಮನಿಯೊಳಗಿನ ಹಣದುಬ್ಬರಕ್ಕೆ ತುಪ್ಪ ಸುರಿಯುತ್ತಿತ್ತು, ಮತ್ತು ಆ ಬ್ಯಾಂಕು ಕಾನೂನಿನಂತೆ ಕಾಯಬೇಕಾಗಿದ್ದದ್ದು ಮಾರ್ಕನ್ನು.

ವರ್ಷದ ಕೊನೆಗೆ ದರ 2.45ರ ಹತ್ತಿರವಿತ್ತು, 1995ರಲ್ಲಿ 2.20ರ ಸುತ್ತಮುತ್ತ ತಳಮುಟ್ಟಿತು, ಅಲ್ಲಿಂದ ಏರಿ 1997ರಲ್ಲಿ ಮತ್ತೆ 3 ಮಾರ್ಕನ್ನು ಕಂಡಿತು. ಯಾರೂ ಕಾಪಾಡಲು ಹೋಗದಿದ್ದಾಗ ಪೌಂಡ್ ತಾನಾಗಿಯೇ, ಐದು ವರ್ಷ ತಡವಾಗಿ, 2.95ನ್ನು ದಾಟಿತು. ಇತಿಹಾಸಕ್ಕೂ ಹಾಸ್ಯಪ್ರಜ್ಞೆ ಇರುವುದು ಇಂತಹ ಕಡೆ.

1998ರ ಡಿಸೆಂಬರ್ 31ರಂದು ಒಂದು ಯುರೋಗೆ 1.95583 ಮಾರ್ಕ್ ಎಂದು ಶಾಶ್ವತವಾಗಿ ಗೊತ್ತುಪಡಿಸಲಾಯಿತು. ಆ ನಂತರವೂ ಕೆಲವು ಪಟ್ಟಿಗಳಲ್ಲಿ ಪೌಂಡ್–ಮಾರ್ಕ್ ದರ ಮುಂದುವರಿಯುವುದನ್ನು ಕಾಣಬಹುದು. ಅದು ಪೌಂಡ್–ಯುರೋ ದರವನ್ನು 1.95583ರಿಂದ ಗುಣಿಸಿದ್ದು, ಅಷ್ಟೇ. ಹಾಗೆ ಗುಣಿಸಿ ನೋಡುವುದರಲ್ಲೂ ಲಾಭವಿದೆ. ಪೌಂಡಿಗೆ 1.75 ಯುರೋ ಸಿಗುತ್ತಿದ್ದ 2000ದ ಮೇ ತಿಂಗಳು 3.42 ಮಾರ್ಕಿಗೆ ಸಮ; ಹಣಕಾಸು ಬಿಕ್ಕಟ್ಟಿನ ನಡುವೆ ಪೌಂಡ್ 1.02 ಯುರೋಗೆ ಕುಸಿದ 2008ರ ಡಿಸೆಂಬರ್ 2.00 ಮಾರ್ಕಿಗೆ ಸಮ. 1992ರ ಅಪಮಾನದ ನೆನಪಿನಲ್ಲಿ ಮುಳುಗಿದವರು 2008ರ ಈ ಇನ್ನೂ ಆಳವಾದ ಕುಸಿತವನ್ನು ಅಷ್ಟಾಗಿ ನೆನೆಯದಿರಲು ಕಾರಣ, ಅಂದು ಯಾವ ಸರ್ಕಾರವೂ ಯಾವ ದರಕ್ಕೂ ಮಾತು ಕೊಟ್ಟಿರಲಿಲ್ಲ.

ಹಳೆಯ ದರ ಹುಡುಕುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಪಟ್ಟಿಯಲ್ಲಿರುವುದು ಒಂದು ದಿನದ ದರವೇ, ವರ್ಷದ ಸರಾಸರಿಯೇ, ವರ್ಷಾಂತ್ಯದ್ದೇ ಎಂಬುದನ್ನು. 1965ರ ಮಟ್ಟಿಗೆ ಮೂರೂ ಹೆಚ್ಚುಕಡಿಮೆ ಒಂದೇ. 1992ರ ಮಟ್ಟಿಗೆ ಸರಾಸರಿಯನ್ನು ಹಿಡಿದು ಹೊರಟರೆ ಸೆಪ್ಟೆಂಬರ್ 16 ಕಣ್ಣಿಗೇ ಬೀಳುವುದಿಲ್ಲ.

ಮಾರ್ಕ್ ನೋಟುಗಳನ್ನು ಬುಂಡೆಸ್‌ಬ್ಯಾಂಕ್ ಇಂದಿಗೂ, ಯಾವ ಗಡುವೂ ಇಲ್ಲದೆ, ಬದಲಿಸಿ ಕೊಡುತ್ತದೆ. ಯಾರದೋ ಹಳೆಯ ಟ್ರಂಕಿನಲ್ಲಿ ನೂರು ಮಾರ್ಕಿನ ನೋಟು ಸಿಕ್ಕಿತೆನ್ನೋಣ. ಅದಕ್ಕೆ 51.13 ಯುರೋ ಬರುತ್ತದೆ. ನಿನ್ನೆ ಹೋಗಿದ್ದರೂ ಅಷ್ಟೇ, ಇಪ್ಪತ್ತು ವರ್ಷ ಬಿಟ್ಟು ಹೋದರೂ ಅಷ್ಟೇ. ಆ 51.13 ಯುರೋವನ್ನು ಪೌಂಡಿಗೆ ಬದಲಿಸಬೇಕೆಂದರೆ ಮಾತ್ರ ಅಂದಿನ ದರವನ್ನು ಕೇಳಿಯೇ ಹೋಗಬೇಕು.